ಮನೆಯ ಚೀಟಿ ಮತ್ತು ಏಕಾಂತದ ವಾದ

ಸೃಜನಶೀಲ ಬರವಣಿಗೆಗೆ ಏಕಾಂತ ಬೇಕು, ಏಕಾಂತಕ್ಕೆ ಬಿಡುವು ಬೇಕು, ಬಿಡುವಿಗಾಗಿ ಮನೆಯ ಜಂಜಾಟದಿಂದ ಬಿಡುಗಡೆ ಬೇಕು ಎಂಬ ತರ್ಕಸರಣಿಯು ಸಾಹಿತ್ಯದ ಮಾತುಕತೆಯಲ್ಲಿ ಬಹುಕಾಲದಿಂದ ಪ್ರಶ್ನೆಗೊಳಗಾಗದೆ ಸಾಗಿಬಂದಿದೆ. ಸಂದರ್ಶನಗಳಲ್ಲಿ ಲೇಖಕರು ಇದನ್ನೇ ಹೇಳುತ್ತಾರೆ, ಕಮ್ಮಟಗಳಲ್ಲಿ ಹಿರಿಯರು ಕಿರಿಯರಿಗೆ ಇದನ್ನೇ ಬೋಧಿಸುತ್ತಾರೆ, ಬರೆಯಬೇಕೆಂಬ ಹಂಬಲವಿದ್ದೂ ಬರೆಯಲಾಗದವರು ತಮ್ಮ ಮೌನಕ್ಕೆ ಇದನ್ನೇ ಕಾರಣವಾಗಿ ಕೊಡುತ್ತಾರೆ. ಈ ನಿಲುವನ್ನು ಪ್ರಸ್ತುತ ಲೇಖನದಲ್ಲಿ ‘ಏಕಾಂತವಾದ’ ಎಂದು ಕರೆಯಲಾಗಿದೆ. ಏಕಾಂತವಾದದ ಲೆಕ್ಕದಲ್ಲಿ ದಿನವೆಂಬುದು ಡಬ್ಬಿಯಲ್ಲಿ ಅಳೆದು ತುಂಬಿಟ್ಟ ಅಕ್ಕಿಯಂತೆ. ಮನೆಗೆಂದು ಒಂದು ಪಾವು ತೆಗೆದರೆ ಬರಹದ ಪಾಲಿಗೆ ಒಂದು ಪಾವು ಕಡಿಮೆಯಾಗುತ್ತದೆ, ಸಂಜೆಯ ನಡಿಗೆಗೆಂದು ಇನ್ನೊಂದು ಪಾವು ತೆಗೆದರೆ ತಳ ಕಾಣುತ್ತದೆ. ಹೀಗಾಗಿ ಹಿಟ್ಟಿನ ಗಿರಣಿಗೆ ಹೋಗಿಬರುವುದು, ವಿದ್ಯುತ್ ಬಿಲ್ಲು ಕಟ್ಟುವುದು, ಹಿರಿಯರ ರಕ್ತದೊತ್ತಡದ ಮಾತ್ರೆ ತರುವುದು, ಮಗುವನ್ನು ಶಾಲೆಯಿಂದ ಕರೆತರುವುದು, ಒಟ್ಟಿನಲ್ಲಿ ಮನೆಮಂದಿಗಾಗಿ ಮನೆಯ ಹೊರಗೆ ಮಾಡಬೇಕಾದ ‘ಓಡಾಟ’ವೆಂಬ ಕೆಲಸವೆಲ್ಲ ಸಾಹಿತ್ಯದ ಶತ್ರುಪಕ್ಷಕ್ಕೆ ಸೇರಿಬಿಡುತ್ತದೆ.

ಈ ವಾದವು ಎರಡು ಕಡೆ ತಪ್ಪಿದೆ. ಕೃತಿಯೊಂದು ಮನಸ್ಸಿನಲ್ಲಿ ಕಟ್ಟಿಕೊಳ್ಳುವ ಬಗೆಯನ್ನು ಅದು ಅರಿತಿಲ್ಲ. ಮನೆಯ ಬಾಳಿನಲ್ಲಿ ಬರವಣಿಗೆಯನ್ನು ನಿಜವಾಗಿ ಮುರಿಯುವುದು ಯಾವುದು ಎಂಬುದನ್ನೂ ಅದು ಗುರುತಿಸಿಲ್ಲ. ಎರಡನೆಯ ತಪ್ಪು ಮೊದಲನೆಯದಕ್ಕಿಂತ ದೊಡ್ಡದು. ಏಕೆಂದರೆ ರೋಗವನ್ನು ತಪ್ಪಾಗಿ ಗುರುತಿಸಿದ ವಾದವು ಔಷಧವನ್ನೂ ತಪ್ಪಾಗಿ ಕೊಡುತ್ತದೆ, ಆ ಔಷಧದ ಬೆಲೆಯನ್ನು ಬರೆಯದಿರುವ ಬೇರೊಬ್ಬರು ತೆರಬೇಕಾಗುತ್ತದೆ.

ಏಕಾಂತವಾದಿಗಳು ಸಾಮಾನ್ಯವಾಗಿ ಸಾಕ್ಷಿಗೆ ಕರೆಯುವುದು ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಅವರನ್ನು. 1928ರಲ್ಲಿ ಕೇಂಬ್ರಿಜ್‌ನ ಎರಡು ಮಹಿಳಾ ಕಾಲೇಜುಗಳಲ್ಲಿ ನೀಡಿದ ಉಪನ್ಯಾಸಗಳನ್ನು ಆಧರಿಸಿ 1929ರಲ್ಲಿ ಪ್ರಕಟವಾದ ಅವರ ‘ಎ ರೂಮ್ ಆಫ್ ಒನ್ಸ್ ಓನ್’ ಗ್ರಂಥವು, ಬರೆಯಬೇಕೆನ್ನುವ ಹೆಣ್ಣಿಗೆ ವರ್ಷಕ್ಕೆ 500 ಪೌಂಡು ಆದಾಯವೂ ಸ್ವಂತದ್ದೊಂದು ಕೋಣೆಯೂ ಬೇಕೆಂದು ವಾದಿಸಿತು. ಆದಾಯ, ಆಸ್ತಿ ಮತ್ತು ಶಿಕ್ಷಣಗಳಿಂದ ಹೆಣ್ಣನ್ನು ಹೊರಗಿಟ್ಟ ವ್ಯವಸ್ಥೆಯ ಮೇಲೆ ಹೂಡಿದ ಆ ಮೊಕದ್ದಮೆಯನ್ನು ಕೋಣೆಯ ಬಾಗಿಲು ಮುಚ್ಚಿಕೊಳ್ಳುವ ಸಲಹೆಯನ್ನಾಗಿ ಕುಗ್ಗಿಸಿದ್ದು ಅನಂತರದ ಓದು. ವುಲ್ಫ್ ಅವರ ಸ್ವಂತ ರಚನಾಕ್ರಮವೋ ಬೇರೆಯದೇ ಮಾತನ್ನು ಹೇಳುತ್ತದೆ. ‘ಟು ದ ಲೈಟ್‌ಹೌಸ್’ ಕಾದಂಬರಿಯು ಲಂಡನ್ನಿನ ಟ್ಯಾವಿಸ್ಟಾಕ್ ಚೌಕದ ಸುತ್ತ ನಡೆಯುತ್ತಿದ್ದಾಗ ತಡೆಯಲಾಗದ ರಭಸದಿಂದ ತಮಗೆ ಹೊಳೆಯಿತೆಂದು ಅವರು ತಮ್ಮ ಆತ್ಮಕಥನದ ಬರಹವೊಂದರಲ್ಲಿ ದಾಖಲಿಸಿದ್ದಾರೆ. ಕೋಣೆಯ ಕುರಿತ ಗ್ರಂಥಕ್ಕೆ ಎರಡು ವರ್ಷ ಮೊದಲು, 1927ರಲ್ಲಿ, ಪ್ರಕಟವಾದ ‘ಸ್ಟ್ರೀಟ್ ಹಾಂಟಿಂಗ್’ ಎಂಬ ಪ್ರಬಂಧವು ಒಂದು ಪೆನ್ಸಿಲ್ ತರುವ ನೆಪದಲ್ಲಿ ಚಳಿಗಾಲದ ಸಂಜೆ ಬೀದಿಗಿಳಿಯುವ ಪ್ರಸಂಗದ ಮೇಲೆಯೇ ನಿಂತಿದೆ. ಅಂಗಡಿಯ ಕೆಲಸವೂ ನಡಿಗೆಯೂ ಬರಹವೂ ಅಲ್ಲಿ ಒಂದೇ ಹೆಣಿಗೆಯಾಗಿವೆ. ಇದರ ಜೊತೆಗೆ ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು: ವುಲ್ಫ್ ಅವರ ಮನೆಯಲ್ಲಿ 1916ರಿಂದ 1934ರವರೆಗೆ ನೆಲ್ಲಿ ಬಾಕ್ಸಾಲ್ ಎಂಬ ಅಡುಗೆಯಾಕೆ ದುಡಿದಿದ್ದರು. ಕೋಣೆಯ ಬಾಗಿಲು ಒಳಗಿನಿಂದ ಮುಚ್ಚಿಕೊಂಡಾಗ ಹೊರಗೆ ಒಲೆಯನ್ನು ನೋಡಿಕೊಳ್ಳುವವರೊಬ್ಬರು ಇದ್ದರು.

ಏಕಾಂತವಾದದ ಅಡಿಯಲ್ಲಿ ಸದಾ ಇರುವ, ಆದರೆ ಹೆಸರಿಸಲ್ಪಡದ, ಈ ಇನ್ನೊಬ್ಬರ ಉಪಸ್ಥಿತಿಯನ್ನು ವರ್ಡ್ಸ್‌ವರ್ತ್ ಅವರ ಪ್ರಕರಣವು ಮತ್ತಷ್ಟು ಸ್ಪಷ್ಟವಾಗಿ ತೋರಿಸುತ್ತದೆ. ನಡೆಯುತ್ತಲೇ ಕವಿತೆ ಕಟ್ಟುತ್ತಿದ್ದ ಕವಿಯೆಂದು ಅವರು ಪ್ರಸಿದ್ಧರು. ಡ್ಯಾಫೊಡಿಲ್ ಹೂಗಳನ್ನು ಕುರಿತ, 1807ರಲ್ಲಿ ಪ್ರಕಟವಾದ ಅವರ ಕವಿತೆಯನ್ನು ಏಕಾಂತದ ಸ್ತೋತ್ರವೆಂದು ಇಂಗ್ಲಿಷ್ ಕಲಿತ ಅನೇಕ ಭಾರತೀಯ ವಿದ್ಯಾರ್ಥಿಗಳು ಶಾಲೆಯಲ್ಲೇ ಬಾಯಿಪಾಠ ಮಾಡಿದ್ದಾರೆ. ಆದರೆ ಅವರ ತಂಗಿ ಡೊರೊತಿ ಬರೆದ ಗ್ರಾಸ್ಮಿಯರ್ ದಿನಚರಿಯಲ್ಲಿ 1802ರ ಏಪ್ರಿಲ್ 15ರ ನಮೂದನ್ನು ನೋಡಿದರೆ, ಆ ಹೂಗಳನ್ನು ಕಂಡ ದಿನ ಅಣ್ಣ ತಂಗಿಯರಿಬ್ಬರೂ ಜೊತೆಗೆ ನಡೆಯುತ್ತಿದ್ದರೆಂಬುದು ತಿಳಿಯುತ್ತದೆ. ಕವಿತೆಯ ಎರಡು ಸಾಲುಗಳು ಪತ್ನಿ ಮೇರಿಯವರವೆಂದು ಕವಿಯೇ ಒಪ್ಪಿಕೊಂಡಿದ್ದಾರೆ. ಡೊರೊತಿಯವರ ಅದೇ ದಿನಚರಿಯಲ್ಲಿ ರೊಟ್ಟಿ ಬೇಯಿಸಿದ್ದು, ಬಟ್ಟೆ ಒಗೆದದ್ದು, ಅಣ್ಣನ ಕವಿತೆಗಳನ್ನು ನಕಲು ಮಾಡಿದ್ದು, ಕಾಗದಪತ್ರ ತರಲು ಆಂಬಲ್‌ಸೈಡ್ ಪಟ್ಟಣಕ್ಕೆ ಕಾಲ್ನಡಿಗೆಯಲ್ಲಿ ಹೋಗಿಬಂದದ್ದು, ದಾರಿಯಲ್ಲಿ ಕಂಡ ಭಿಕ್ಷುಕರು, ಮೋಡ, ಕೆರೆಯ ನೀರಿನ ಬಣ್ಣ ಎಲ್ಲವೂ ಒಂದರ ಪಕ್ಕದಲ್ಲೊಂದು ಬರುತ್ತವೆ. ಅಂಚೆಗೆಂದು ಹೋದ ಆ ಓಡಾಟದಿಂದಲೇ ಇಂಗ್ಲಿಷ್ ಗದ್ಯದ ಅತ್ಯಂತ ಸೂಕ್ಷ್ಮವಾದ ನಿಸರ್ಗವರ್ಣನೆಗಳು ಹುಟ್ಟಿವೆ. ಏಕಾಂತವಾದವು ಅಣ್ಣನ ಕವಿತೆಯನ್ನು ಪ್ರಮಾಣವಾಗಿ ಹಿಡಿದು ತಂಗಿಯ ದಿನಚರಿಯನ್ನು ಅಡಿಟಿಪ್ಪಣಿಗೆ ತಳ್ಳಿದೆ, ರಚನೆಯ ನಿಜಸ್ಥಿತಿಯನ್ನು ಹೇಳುವುದು ದಿನಚರಿಯೇ ಆಗಿದ್ದರೂ.

ಕನ್ನಡದ ಪರಂಪರೆಯನ್ನು ಬಲ್ಲವರು ಈ ವಾದವನ್ನು ಇಷ್ಟು ಸುಲಭವಾಗಿ ಒಪ್ಪಿಕೊಂಡದ್ದು ಹೆಚ್ಚು ನೋವಿನ ಸಂಗತಿ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಹಲವರು ‘ಕಾಯಕ’ವೆಂಬ ಪರಿಕಲ್ಪನೆಯನ್ನು, ಅಂದರೆ ಹೊಟ್ಟೆಪಾಡಿನ ದೈಹಿಕ ದುಡಿಮೆಯೇ ಸಾಧನೆಯೂ ಆಗಿದೆಯೆಂಬ ನಿಲುವನ್ನು, ತಮ್ಮ ಹೆಸರಿನಲ್ಲಿಯೇ ಹೊತ್ತುಕೊಂಡಿದ್ದರು. ನೂಲುವ ಕದಿರೆ ರೆಮ್ಮವ್ವೆ, ಅಂಗಳ ಗುಡಿಸುವ ಸತ್ಯಕ್ಕ, ದೋಣಿ ನಡೆಸುವ ಅಂಬಿಗರ ಚೌಡಯ್ಯ ಮುಂತಾದವರಿಗೆ ದುಡಿಮೆ ಮುಗಿದ ಮೇಲೆ ಸಿಗುವ ಬಿಡುವು ಕಾವ್ಯದ ಷರತ್ತಾಗಿರಲಿಲ್ಲ. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನಂತೂ ಏಕಾಂತವಾದಕ್ಕೆ ನೇರ ಉತ್ತರವಾಗಿ ಓದಬಹುದು. ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಆಕ್ಷೇಪಿಸಿ ಹಿಂತಿರುಗಿಸಲು ಹೇಳಿದಳೆಂಬುದು ಪರಂಪರೆಯ ನಿರೂಪಣೆ. ಮನೆಗೆ ಎಷ್ಟು ಅಕ್ಕಿ ಬೇಕು ಎಂಬ, ಯಾವ ಮನೆಯಲ್ಲೂ ದಿನವೂ ಏಳುವ ಪ್ರಶ್ನೆಯೇ ಅಲ್ಲಿ ಆಸೆಯ ವಿಮರ್ಶೆಯಾಗಿ, ವಚನವಾಗಿ ಬೆಳೆಯಿತು.

ಇದಕ್ಕಿಂತ ವ್ಯಾಪಕವಾದ ಸಾಕ್ಷ್ಯ ಬೀಸುಕಲ್ಲಿನದು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನದ ತ್ರಿಪದಿಗಳು, ಅಂದರೆ ಮೂರು ಸಾಲಿನ ಅಂಶಲಯದ ಪದ್ಯಗಳು, ಬಹುಮಟ್ಟಿಗೆ ಬೀಸುವ, ಕುಟ್ಟುವ, ತೊಟ್ಟಿಲು ತೂಗುವ ಹೆಂಗಸರ ಬಾಯಿಂದ ಬಂದವು. ಹಾಡುವಾಗ ಎರಡನೆಯ ಸಾಲಿನ ಒಂದು ಭಾಗ ಮರಳಿ ಬರುತ್ತದೆ. ಕಲ್ಲಿನ ಸುತ್ತು ಪೂರ್ತಿಯಾಗುವಂತೆ ಮಾತೂ ಒಮ್ಮೆ ಹಿಂದಿರುಗಿ ನೋಡಿ ಮುಂದಕ್ಕೆ ಹೋಗುತ್ತದೆ. ಕೈಗೆ ಗೂಟ ಸಿಕ್ಕಿರುವುದರಿಂದಲೇ ಮನಸ್ಸಿಗೆ ಅಲೆಯುವ ಅವಕಾಶ ಸಿಕ್ಕಿದೆ, ತೋಳಿನ ಲಯವೇ ಛಂದಸ್ಸಿಗೆ ಆಸರೆ ಕೊಟ್ಟಿದೆ. ಬೀಸುವುದು ಸುಖದ ಕೆಲಸವಾಗಿತ್ತೆಂದು ಇದರಿಂದ ಹೇಳಿದಂತಾಗುವುದಿಲ್ಲ. ಬೆಳಗಿನ ಜಾವದ ಆ ದುಡಿಮೆ ಕಠಿಣವಾಗಿತ್ತು, ಗಿರಣಿ ಬಂದದ್ದು ಒಳ್ಳೆಯದೇ ಆಯಿತು. ಹೇಳಬೇಕಾದದ್ದು ಇಷ್ಟು: ಕೈಯ ಕೆಲಸ ಮತ್ತು ಕಾವ್ಯದ ನಡುವೆ ಸಹಜ ವೈರವಿದೆಯೆಂಬ ಮಾತನ್ನು ಕನ್ನಡದ ಅತ್ಯಂತ ಪ್ರೀತಿಯ ಪದ್ಯರಾಶಿಯೊಂದು ಸುಳ್ಳು ಮಾಡಿದೆ.

ಏಕಾಂತವಾದಿಯು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ವಚನ, ತ್ರಿಪದಿಗಳು ಕಿರುರೂಪಗಳು, ಅವು ಕೆಲಸದ ನಡುವೆ ಹುಟ್ಟಿದರೆ ಆಶ್ಚರ್ಯವಿಲ್ಲ, ಕಾದಂಬರಿಯಂಥ ಬೃಹತ್ ರೂಪಕ್ಕೆ ದೀರ್ಘವಾದ ಅಖಂಡ ಕಾಲ ಬೇಕೇ ಬೇಕು ಎಂಬುದು ಆ ಆಕ್ಷೇಪ. ಇದರಲ್ಲಿ ಅರ್ಧ ಸತ್ಯವಿದೆ. 2013ರಲ್ಲಿ ನೊಬೆಲ್ ಪಡೆದ ಕೆನಡಾದ ಆಲಿಸ್ ಮನ್ರೊ, ಮಕ್ಕಳು ಮಲಗಿದ ವೇಳೆಯಲ್ಲಿ ಬರೆಯಬೇಕಾಗಿದ್ದುದರಿಂದ ಸಣ್ಣಕಥೆಯೇ ತಮ್ಮ ಮಾಧ್ಯಮವಾಯಿತೆಂದು ಹೇಳಿದ್ದುಂಟು. ಆದರೆ ರೂಪವು ಬದಲಾಗುವುದು ಬೇರೆ, ರಚನೆಯೇ ಅಸಾಧ್ಯವಾಗುವುದು ಬೇರೆ. ಕಿರಿದಾದ ರೂಪವು ಕಿರಿದಾದ ಸಾಹಿತ್ಯವೆಂಬುದು ಇನ್ನೂ ಬೇರೆ. ವಕೀಲಿಕೆ, ಸಂಸಾರ, ಚಳವಳಿಗಳ ನಡುವೆ ಮೂರು ದಶಕಗಳ ಉದ್ದಕ್ಕೂ ಹಾಸನದ ಬಾನು ಮುಷ್ತಾಕ್ ಬರೆದ ಕಥೆಗಳಿಂದ ಆಯ್ದ ಹನ್ನೆರಡು, ದೀಪಾ ಭಾಸ್ತಿ ಅವರ ಅನುವಾದದಲ್ಲಿ 2025ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದವು, ಮತ್ತು ಆ ಪ್ರಶಸ್ತಿಯು ಸಣ್ಣಕಥೆಗಳ ಸಂಕಲನವೊಂದಕ್ಕೆ ಸಂದದ್ದು ಅದೇ ಮೊದಲು. ಕಾದಂಬರಿಯ ವಿಷಯದಲ್ಲಿಯೂ ಆಕ್ಷೇಪ ನಿಲ್ಲುವುದಿಲ್ಲ. 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಪ್ರಕಟವಾದದ್ದು 1963ರಲ್ಲಿ. ನಾಲ್ಕು ದಶಕಗಳಿಗೂ ಮೀರಿದ ಆ ಅವಧಿಯಲ್ಲಿ ಮಲೆನಾಡಿನ ಮನೆಗಳ ಒಳಗೆ ಅವರು ಕಂಡದ್ದು, ಕೇಳಿದ್ದು, ಮಾಡಿದ್ದು ಎಲ್ಲವೂ ಮುಂದಿನ ಕೃತಿಗಳಿಗೆ ಬುತ್ತಿಯಾಯಿತು. 1976ರ ‘ಫಣಿಯಮ್ಮ’ ಇಂಥ ಮನೆಯೊಳಗಿನ ಕಣ್ಣಿಲ್ಲದೆ ಹುಟ್ಟುವ ಕೃತಿಯಲ್ಲ.

ಏಕಾಂತವಾದವು ತಪ್ಪುವ ಜಾಗವನ್ನು ಈಗ ಇನ್ನಷ್ಟು ಹತ್ತಿರದಿಂದ ನೋಡಬಹುದು. ಬರವಣಿಗೆಯೆಂಬ ಒಂದೇ ಮಾತಿನಲ್ಲಿ ಎರಡು ಬೇರೆ ಕ್ರಿಯೆಗಳು ಅಡಗಿವೆ. ಒಂದು, ಪಾತ್ರ, ಮಾತು, ಪ್ರಸಂಗ, ಲಯಗಳು ಮನಸ್ಸಿನಲ್ಲಿ ಒಂದನ್ನೊಂದು ಹುಡುಕಿಕೊಂಡು ಬರುವ ‘ಕೂಡಿಕೆ’. ಇನ್ನೊಂದು, ಹಾಗೆ ಕೂಡಿಬಂದದ್ದನ್ನು ವಾಕ್ಯಕ್ಕೆ ಇಳಿಸಿ, ಅಳಿಸಿ, ತಿದ್ದಿ ಒಪ್ಪವಾಗಿಸುವ ‘ಬರಹ’. ಎರಡನೆಯದಕ್ಕೆ ಮೇಜು, ಬೆಳಕು, ಸದ್ದಿಲ್ಲದ ಒಂದೆರಡು ಗಂಟೆ ಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಮೊದಲನೆಯದಕ್ಕೆ ಮಾತ್ರ ಮೇಜು ಅನೇಕ ವೇಳೆ ಅಡ್ಡಿಯೇ ಆಗುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮರಿಲಿ ಒಪೆಜ್ಜೊ ಮತ್ತು ಡೇನಿಯಲ್ ಶ್ವಾರ್ಟ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸಾಮಾನ್ಯ ವಸ್ತುವೊಂದಕ್ಕೆ ಹೊಸ ಹೊಸ ಉಪಯೋಗಗಳನ್ನು ಕಲ್ಪಿಸುವಂಥ ಪರೀಕ್ಷೆಯಲ್ಲಿ ಕುಳಿತವರಿಗಿಂತ ನಡೆಯುವವರ ಕಲ್ಪನೆ ಸರಾಸರಿ ಶೇ. 60ರಷ್ಟು ಹೆಚ್ಚು ಫಲ ಕೊಟ್ಟಿತು. ಬರಿಗೋಡೆಗೆ ಎದುರಾಗಿ ಯಂತ್ರದ ಮೇಲೆ ನಡೆದರೂ ಈ ಲಾಭ ಉಳಿಯಿತು. ಒಂದೇ ಸರಿಯುತ್ತರವಿರುವ, ಏಕಾಗ್ರತೆ ಬೇಡುವ ಪರೀಕ್ಷೆಯಲ್ಲಿ ಮಾತ್ರ ನಡೆಯುವವರು ತುಸು ಹಿಂದೆ ಬಿದ್ದರು. ಕೂಡಿಕೆಗೂ ಬರಹಕ್ಕೂ ಇರುವ ಭೇದವನ್ನು ಈ ಎರಡು ಫಲಿತಾಂಶಗಳು ಒಟ್ಟಿಗೆ ಬೆಳಗುತ್ತವೆ. ಗಿರಣಿಗೆ ಹೋಗುವ ಕಾಲು ಗಂಟೆ, ಅಲ್ಲಿ ಸರದಿಯಲ್ಲಿ ನಿಲ್ಲುವ ಹತ್ತು ನಿಮಿಷ, ಬೆಚ್ಚಗಿನ ಹಿಟ್ಟಿನ ಚೀಲ ಹೊತ್ತು ಮರಳುವ ಇನ್ನೊಂದು ಕಾಲು ಗಂಟೆ ಬರಹದಿಂದ ಕದ್ದ ಕಾಲವಲ್ಲ. ಕೂಡಿಕೆಗೆ ದಕ್ಕಿದ ಕಾಲ. ಮಾತಿನ ದೃಷ್ಟಿಯಿಂದಲೂ ಸರದಿಯು ದೊಡ್ಡ ಸಂಪತ್ತು. ಸೊಪ್ಪಿನವಳ ಚೌಕಾಸಿ, ಔಷಧಿ ಅಂಗಡಿಯ ಮುಂದೆ ತಗ್ಗಿಸಿದ ದನಿಯಲ್ಲಿ ಕೇಳುವ ಕುಟುಂಬದ ಕಷ್ಟ, ಶಾಲೆಯ ಗೇಟಿನಲ್ಲಿ ಅಜ್ಜಂದಿರು ನಡೆಸುವ ರಾಜಕೀಯ ವಿಮರ್ಶೆ ಯಾವ ಮುಚ್ಚಿದ ಕೋಣೆಗೂ ಬಂದು ಬಾಗಿಲು ತಟ್ಟುವುದಿಲ್ಲ. ಮೈಸೂರಿನ ಪೇಟೆಬೀದಿಗಳಲ್ಲಿ ದಿನವೂ ನಡೆದಾಡಿ ಜನರ ಮಾತಿಗೆ ಕಿವಿಗೊಟ್ಟ ಆರ್.ಕೆ. ನಾರಾಯಣ್ ಅವರ ಮಾಲ್ಗುಡಿಗೆ ಆ ನಡಿಗೆಯ ಋಣವಿದೆ.

ನಡಿಗೆಯನ್ನು ಮನೆಯ ಕೆಲಸದಿಂದ ಕಿತ್ತು, ‘ವಾಕಿಂಗ್’ ಎಂಬ ಪ್ರತ್ಯೇಕ ಬಾಬ್ತನ್ನಾಗಿ ಮಾಡಿದ್ದು ಕೂಡ ದಿನವನ್ನು ಪಾವುಗಳಾಗಿ ಅಳೆಯುವ ಏಕಾಂತವಾದದ ಮನೋಭಾವದ ಫಲ. ದಿನಕ್ಕೆ 10,000 ಹೆಜ್ಜೆ ಎಂಬ, ಈಗ ಕೈಗಡಿಯಾರಗಳಲ್ಲಿ ಮಿನುಗುವ ಗುರಿಯು ವೈದ್ಯಕೀಯ ಸಂಶೋಧನೆಯಿಂದ ಹೊರಟದ್ದಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಬಳಿಕ, 1965ರಲ್ಲಿ, ಜಪಾನಿನಲ್ಲಿ ಮಾರುಕಟ್ಟೆಗೆ ಬಂದ ‘ಮಾನ್ಪೊಕೆಯ್’ ಎಂಬ ಹೆಜ್ಜೆಮಾಪಕದ ಹೆಸರಿನಲ್ಲಿಯೇ ಆ ಸಂಖ್ಯೆ ಇತ್ತು. ಮನೆಗೆಲಸಕ್ಕೆ ಒಂದು ಖಾತೆ, ನಡಿಗೆಗೆ ಒಂದು ಖಾತೆ, ಬರಹಕ್ಕೆ ದಿನಕ್ಕೆ ಇಷ್ಟು ಪದಗಳೆಂಬ ಇನ್ನೊಂದು ಖಾತೆ ತೆರೆದು ಮೂರನ್ನೂ ಬೇರೆಬೇರೆಯಾಗಿ ತುಂಬಲು ಹೊರಟವರು ದಣಿಯುವುದು ಸಹಜ. ಉದ್ಯಾನದ ಸುತ್ತ ಎಣಿಸಿ ನಡೆದು, ಬೆವರೊರೆಸಿಕೊಂಡು, ಆಮೇಲೆ ಸ್ಕೂಟರ್ ಏರಿ ಅರ್ಧ ಕಿಲೋಮೀಟರ್ ದೂರದ ದಿನಸಿ ಅಂಗಡಿಗೆ ಹೋಗುವ ದಿನಚರಿಯಲ್ಲಿ ಕಾಲವು ನಿಜಕ್ಕೂ ಸಾಲುವುದಿಲ್ಲ. ಆ ಅಭಾವವನ್ನು ಹುಟ್ಟಿಸಿದ್ದು ಸಂಸಾರವಲ್ಲ, ವಿಂಗಡಣೆ.

ಇಷ್ಟು ಹೇಳಿದ ಮಾತ್ರಕ್ಕೆ ಒಲೆಯ ಮುಂದೆ ಕುಳಿತವರೆಲ್ಲರಿಗೂ ಸಾಹಿತ್ಯ ತಾನಾಗಿ ಒಲಿಯುತ್ತದೆ ಎಂಬ ಇನ್ನೊಂದು ಪ್ರಚಲಿತ ಮಾತನ್ನು ಒಪ್ಪಿದಂತಾಗುವುದಿಲ್ಲ. ಆ ಮಾತು ಏಕಾಂತವಾದಕ್ಕಿಂತ ಕ್ರೂರವಾದದ್ದು, ಏಕೆಂದರೆ ಅದು ಹೊರೆಯನ್ನೇ ವರವೆಂದು ಹೊರಿಸುತ್ತದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ದಿನವೊಂದರಲ್ಲಿ ತೊಡಗಿಕೊಂಡ ಹೆಂಗಸರು ಶೇ. 81.2, ಗಂಡಸರು ಶೇ. 26.1, ಹಾಗೆ ತೊಡಗಿಕೊಂಡವರಲ್ಲಿಯೂ ಹೆಂಗಸರು ಅದಕ್ಕೆ ಕೊಟ್ಟದ್ದು 299 ನಿಮಿಷ, ಗಂಡಸರು ಕೊಟ್ಟದ್ದು 97 ನಿಮಿಷ. ಐದು ಗಂಟೆಯ ದುಡಿಮೆಯನ್ನು ಕಾವ್ಯದ ಬುತ್ತಿಯೆಂದು ಹೊಗಳುವವರು ಆ ಬುತ್ತಿಯಲ್ಲಿ ತಮಗೂ ಸಮಪಾಲು ಬೇಕೆಂದು ಕೇಳಿದ ಉದಾಹರಣೆ ವಿರಳ.

ಹಾಗಾದರೆ ಕೂಡಿಕೆಗೆ ಒದಗಬೇಕಾದ ಅದೇ ಓಡಾಟವು ಒಬ್ಬರಿಗೆ ಬುತ್ತಿಯಾಗಿ ಇನ್ನೊಬ್ಬರಿಗೆ ಹೊರೆಯಾಗುವುದು ಏಕೆ? ಉತ್ತರವು ಚೀಟಿಯಲ್ಲಿದೆ. ಅಂಗಡಿಗೆ ಹೊರಟವರ ಕೈಯಲ್ಲಿ ಒಂದು ಚೀಟಿ ಇರುತ್ತದೆ: ತೊಗರಿಬೇಳೆ ಎರಡು ಕಿಲೊ, ಹುಣಸೆಹಣ್ಣು ಅರ್ಧ ಕಿಲೊ, ಸಕ್ಕರೆ ಕಾಯಿಲೆಯ ಮಾತ್ರೆ ಎರಡು ಪಟ್ಟಿ, ಮಗುವಿಗೆ ನಕಾಶೆಯ ಹಾಳೆ. ಆ ಚೀಟಿಯನ್ನು ಹಿಡಿದು ಹೋಗುವುದು ಒಂದು ಕೆಲಸ, ಅದನ್ನು ಬರೆಯುವುದು ಬೇರೊಂದು ಕೆಲಸ. ಬೇಳೆಯ ಡಬ್ಬಿ ಯಾವಾಗ ಬರಿದಾಗುತ್ತದೆ, ಮಾತ್ರೆ ಎಷ್ಟು ದಿನಕ್ಕೆ ಉಳಿದಿದೆ, ಹಬ್ಬಕ್ಕೆ ಯಾರು ಬರುತ್ತಾರೆ, ಸಿಲಿಂಡರ್ ಯಾವಾಗ ಹೇಳಬೇಕು, ಮಗುವಿನ ಶುಲ್ಕದ ಕೊನೆಯ ದಿನ ಯಾವುದು ಎಂಬುದನ್ನೆಲ್ಲ ಎಡೆಬಿಡದೆ ನೆನಪಿನಲ್ಲಿಟ್ಟುಕೊಂಡವರು ಮಾತ್ರ ಆ ನಾಲ್ಕು ಸಾಲುಗಳನ್ನು ಬರೆಯಬಲ್ಲರು. ಸಮಾಜಶಾಸ್ತ್ರಜ್ಞೆ ಆಲಿಸನ್ ಡೇಮಿಂಜರ್ ಅಮೆರಿಕದ ದಂಪತಿಗಳನ್ನು ಸಂದರ್ಶಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆವಾರ್ತೆಯ ಈ ಮಾನಸಿಕ ದುಡಿಮೆಯನ್ನು ನಾಲ್ಕಾಗಿ ವಿಂಗಡಿಸಿದ್ದಾರೆ: ಅಗತ್ಯವನ್ನು ಮುಂಚಿತವಾಗಿ ಕಾಣುವುದು, ಅದನ್ನು ಪೂರೈಸುವ ದಾರಿಗಳನ್ನು ಹುಡುಕುವುದು, ತೀರ್ಮಾನಿಸುವುದು, ತೀರ್ಮಾನಿಸಿದ್ದು ನಡೆಯಿತೇ ಎಂದು ನೋಡುತ್ತಿರುವುದು. ತೀರ್ಮಾನದಲ್ಲಿ ಗಂಡಂದಿರು ಹೆಚ್ಚಾಗಿ ಪಾಲುಗೊಳ್ಳುತ್ತಿದ್ದರೂ ಮುಂಗಾಣುವ ಮತ್ತು ನಿಗಾ ಇಡುವ ಕೆಲಸಗಳು ಬಹುಮಟ್ಟಿಗೆ ಹೆಂಡಂದಿರ ಪಾಲಿಗೇ ಬಿದ್ದಿದ್ದವು. ಕನ್ನಡದ ಮನೆಗಳಲ್ಲಿ ‘ಏನು ತರಬೇಕು ಹೇಳು, ತಂದುಕೊಡುತ್ತೇನೆ’ ಎಂಬ ಒಳ್ಳೆಯ ಮನಸ್ಸಿನ ಮಾತಿನಲ್ಲಿ ಇದೇ ಹಂಚಿಕೆ ದಿನವೂ ಕೇಳಿಬರುತ್ತದೆ.

ಬರವಣಿಗೆಯನ್ನು ಮುರಿಯುವುದು ಈ ನಿಗಾ. ಕಾಲು, ಕೈಗಳು ದುಡಿಯುತ್ತಿರುವಾಗ ಮನಸ್ಸು ಕೃತಿಯೊಡನೆ ಇರಬಲ್ಲದು. ಮನಸ್ಸೇ ಉಗ್ರಾಣದ ಕಾವಲಿಗೆ ನಿಂತಿರುವಾಗ ಕೃತಿಗೆ ಜಾಗವಿಲ್ಲ, ಆಗ ಮುಚ್ಚಿದ ಕೋಣೆಯೂ ಉಪಕಾರಕ್ಕೆ ಬರುವುದಿಲ್ಲ. ಕಮ್ಮಟಕ್ಕೆಂದು ಮೂರು ದಿನ ಊರು ಬಿಟ್ಟು ಹೋದ ಗೃಹಿಣಿಯರು ಕಡತದ ಮುಂದೆ ಕುಳಿತೂ ಹಾಲಿನವನಿಗೆ ಹೇಳಿದೆನೋ ಇಲ್ಲವೋ ಎಂದು ಚಡಪಡಿಸುವುದು ಇದೇ ಕಾರಣಕ್ಕೆ. ಅವರಿಗೆ ಏಕಾಂತ ಸಿಕ್ಕಿದೆ, ಆದರೆ ಚೀಟಿಯಿಂದ ಬಿಡುಗಡೆ ಸಿಕ್ಕಿಲ್ಲ. ಇದಕ್ಕೆ ಪ್ರತಿಯಾಗಿ, ಇನ್ನೊಬ್ಬರು ಬರೆದುಕೊಟ್ಟ ಚೀಟಿ ಹಿಡಿದು ಸಂತೆಗೆ ಹೋಗುವ ಲೇಖಕನು ಹೋಗುತ್ತ ಬರುತ್ತ ಕವಿತೆ ಕಟ್ಟಬಲ್ಲನು, ಮರಳಿ ಬಂದು ಓಡಾಟದಲ್ಲಿ ಕಾಲ ಕಳೆಯಿತೆಂದು ದೂರಲೂ ಬಲ್ಲನು. ಆದ್ದರಿಂದ ನ್ಯಾಯವಾದ ಹಂಚಿಕೆಯು ಕೆಲಸಗಳ ಹಂಚಿಕೆಯಿಂದ ಪೂರ್ತಿಯಾಗಲಾರದು. ಇಡೀ ಒಂದೊಂದು ಬಾಬ್ತಿನ ಹೊಣೆ, ಅಂದರೆ ಔಷಧಿಗಳ ಮುಂಗಾಣ್ಕೆಯಿಂದ ಹಿಡಿದು ನಿಗಾದವರೆಗೆ ಒಬ್ಬರದು, ದಿನಸಿಯದು ಇನ್ನೊಬ್ಬರದು ಎಂಬಂತೆ, ಚೀಟಿ ಬರೆಯುವ ಕೈಯೇ ಬದಲಾಗಬೇಕು. ಬೇಳೆ ಮುಗಿದುಹೋದ ಒಂದೆರಡು ಸಂಜೆಗಳನ್ನು ಮನೆ ಸಹಿಸಿಕೊಳ್ಳಬೇಕಾಗುತ್ತದೆ. ಹೊಣೆ ವರ್ಗವಾಗುವುದು ಹಾಗೆಯೇ.

ವಿಮರ್ಶೆಯೂ ಇಲ್ಲಿ ತನ್ನ ಪಾಲಿನ ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ‘ಅಡುಗೆಮನೆ ಸಾಹಿತ್ಯ’ ಎಂಬ ತಿರಸ್ಕಾರದ ಮಾತು ಕನ್ನಡದಲ್ಲಿ ದೀರ್ಘಕಾಲ ಬಳಕೆಯಲ್ಲಿತ್ತು. ಬರೆಯುವ ಜಾಗವನ್ನು ನೋಡಿ ಬರಹದ ಎತ್ತರವನ್ನು ನಿರ್ಧರಿಸುವ ಆ ಅಭ್ಯಾಸವು ಏಕಾಂತವಾದದ ನೇರ ಸಂತಾನ. ವೈದೇಹಿಯವರ ಕಥೆಗಳು ಕುಂದಾಪುರದ ಕಡೆಯ ಮನೆಗಳ ಒಳಹಜಾರಗಳಿಂದಲೇ ಲೋಕವನ್ನು ನೋಡಿ ಆ ಮಾತಿನ ಬಾಯಿ ಕಟ್ಟಿದ ಮೇಲೂ ಸಾಹಿತ್ಯಚರಿತ್ರೆಯ ಅಳತೆಗೋಲು ಪೂರ್ತಿ ಬದಲಾಗಿಲ್ಲ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಪರಿಸರಕ್ಕೂ ಕುವೆಂಪು ಅವರ ಕಾವ್ಯಕ್ಕೂ ಇರುವ ನಂಟನ್ನು ಕನ್ನಡ ಓದುಗರು ಚೆನ್ನಾಗಿ ಬಲ್ಲರು, ಬಲ್ಲರೆಂಬುದು ಸಂತೋಷದ ವಿಷಯವೂ ಹೌದು. ಆದರೆ ಕನ್ನಡದ ದೊಡ್ಡ ಲೇಖಕರ ಜೀವನಚರಿತ್ರೆಗಳಲ್ಲಿ ಅವರು ನಡೆದ ದಾರಿಗಳಿಗೆ ಸಿಕ್ಕಷ್ಟು ಪುಟಗಳು, ಅವರು ನಡೆಯುತ್ತಿದ್ದಾಗ ಮನೆಯ ಚೀಟಿಯನ್ನು ಬರೆಯುತ್ತಿದ್ದ ಕೈಗಳಿಗೆ ಸಿಕ್ಕಿಲ್ಲ. ಆ ಕೈಗಳು ಯಾರವು ಎಂಬುದು ಜೀವನಚರಿತ್ರಕಾರರು ಕೇಳಲೇಬೇಕಾದ ಪ್ರಶ್ನೆ, ಮತ್ತು ಕೃತಿಯ ಹುಟ್ಟನ್ನು ವಿವರಿಸುವ ಯಾವ ಅಧ್ಯಾಯವೂ ಇದನ್ನು ಬಿಟ್ಟರೆ ಅಪೂರ್ಣ.

ಏಕಾಂತವಾದಕ್ಕೆ ನ್ಯಾಯವಾಗಿ ಬಿಟ್ಟುಕೊಡಬೇಕಾದ ಒಂದು ಕ್ಷೇತ್ರ ಉಳಿಯುತ್ತದೆ. ಎಳೆಗೂಸನ್ನು, ಹಾಸಿಗೆ ಹಿಡಿದವರನ್ನು, ನೆನಪು ಕಳೆದುಕೊಂಡ ಹಿರಿಯರನ್ನು ನೋಡಿಕೊಳ್ಳುವ ಆರೈಕೆಯಲ್ಲಿ ಕೈಯ ಕೆಲಸ ಮತ್ತು ನಿಗಾ ಬೇರೆಯಾಗುವುದಿಲ್ಲ. ಅಲ್ಲಿ ಗಿರಣಿಯ ದಾರಿಯಂಥ ದಾರಿಯಿಲ್ಲ, ಕಣ್ಣು ಒಂದು ಗಳಿಗೆ ಆಚೆ ಹೋಗುವಂತಿಲ್ಲ, ಇರುಳಿನ ನಿದ್ದೆಯೂ ಚೂರುಚೂರಾಗಿರುತ್ತದೆ. ಆ ಸ್ಥಿತಿಯಲ್ಲಿರುವವರಿಗೆ ನಡಿಗೆಯ ಮಹಿಮೆಯನ್ನು ಹೇಳುವುದು ಅನ್ಯಾಯ. ಅವರಿಗೆ ಬೇಕಾದದ್ದು ಇನ್ನೊಬ್ಬರು ಬಂದು ಆ ಮಂಚದ ಪಕ್ಕದ ಕುರ್ಚಿಯಲ್ಲಿ ಕೂರುವುದು: ವಾರಕ್ಕೊಮ್ಮೆ ಉಪಕಾರದಂತೆ ಬಂದು ಹೋಗದೆ, ಗೊತ್ತುಪಡಿಸಿದ ದಿನ, ಗೊತ್ತುಪಡಿಸಿದ ಹೊತ್ತಿಗೆ, ಮಾತ್ರೆಯ ವೇಳೆ, ಗಂಜಿಯ ಹದ, ಮಗ್ಗುಲು ಬದಲಿಸುವ ಕ್ರಮ ಎಲ್ಲವನ್ನೂ ತಾವೇ ತಿಳಿದುಕೊಂಡು ಬಂದು ಕೂರುವುದು. ಆಗ ಹೊರಗೆ ಹೋದವರು ಮೇಜಿನ ಮುಂದೆ ಕುಳಿತುಕೊಳ್ಳಬಹುದು, ಕೆರೆಯ ದಂಡೆಗೆ ಹೋಗಬಹುದು, ಇಲ್ಲವೇ ಅರ್ಧ ಕಿಲೊ ಹುಣಸೆಹಣ್ಣು ತರಲು ನಿಧಾನವಾಗಿ ಪೇಟೆಯ ತುದಿಯವರೆಗೆ ನಡೆದುಹೋಗಬಹುದು. ದಾರಿಯಲ್ಲಿ ಒಮ್ಮೆಯೂ ಮನೆಗೆ ಫೋನ್ ಮಾಡದೆ.